ಹೊಳೆ ಇಳಿದ ಮೇಲಿನ ಮಂಗಳವಾರ



ಈ ದತ್ತಿ ಉಪನ್ಯಾಸದ ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಮನೋವೈದ್ಯರು' ಎಂದು ಅಚ್ಚಾಗಿದೆ. ಮೊದಲು ಅದನ್ನು ತಿದ್ದಿಬಿಡುತ್ತೇನೆ. ನಾನು ಎಂ.ಬಿ.ಬಿ.ಎಸ್. ಓದಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಜ್ವರ, ವಾಂತಿಭೇದಿ, ಚೇಳಿನ ಕಡಿತ ನೋಡುತ್ತ ನಿವೃತ್ತನಾದ ಮಾಮೂಲಿ ಸರ್ಕಾರಿ ಡಾಕ್ಟರು. ಪತ್ರಿಕೆ ಅಚ್ಚು ಹಾಕಿದವರನ್ನು ದೂರುವುದಿಲ್ಲ. ವಿಪತ್ತಿನ ನಂತರದ ಮಾನಸಿಕ ಆರೋಗ್ಯ ಎಂದ ಕೂಡಲೆ ಅದು ಮನೋವೈದ್ಯರ ಕೆಲಸ ಎಂದೇ ಎಲ್ಲರೂ ತಿಳಿಯುತ್ತಾರೆ. ಅದು ಮಾಮೂಲಿ ಡಾಕ್ಟರ ಕೆಲಸ, ಸಿಸ್ಟರಮ್ಮನ ಕೆಲಸ, ಆಶಾ ಕಾರ್ಯಕರ್ತೆಯ ಕೆಲಸ ಎಂದು ಹೇಳುವುದಕ್ಕೇ ನಾನು ಬಂದಿರುವುದು.

ಇನ್ನೊಂದು ಮಾತು. ದಾನಕ್ಕೂ ದತ್ತಿಗೂ ವ್ಯತ್ಯಾಸವಿದೆ. ದಾನ ಕೊಟ್ಟ ದಿನವೇ ಖರ್ಚಾಗುತ್ತದೆ. ದತ್ತಿಯಲ್ಲಿ ಅಸಲನ್ನು ಮುಟ್ಟುವ ಹಾಗಿಲ್ಲ, ಬಡ್ಡಿಯಲ್ಲಿ ವರ್ಷ ವರ್ಷವೂ ಕೆಲಸ ನಡೆಯಬೇಕು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿ. ಕೊನೆಗೆ ಅಲ್ಲಿಗೇ ಬರುತ್ತೇನೆ.

1

2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. 1953ರಿಂದ ನೀರು ಹಿಡಿದು ನಿಂತಿದ್ದ ಡ್ಯಾಮು. ಬೆಳಗಾಗುವುದರೊಳಗೆ ಸುದ್ದಿ ಹೊಳೆಗಿಂತ ಮುಂಚೆ ಕಂಪ್ಲಿ ಮುಟ್ಟಿತ್ತು. ಒಡೆದದ್ದು ಒಂದೇ ಗೇಟಾದರೂ ಫೋನಿನಿಂದ ಫೋನಿಗೆ ಹೋಗುವಷ್ಟರಲ್ಲಿ ಅದು 'ಡ್ಯಾಮೇ ಒಡೀತಂತೆ' ಎಂದಾಗಿತ್ತು. ಗೇಟಿನ ತಜ್ಞ ಕನ್ನಯ್ಯ ನಾಯ್ಡು ಬಂದರು, ಕೆಲಸಗಾರರು ಜೀವ ಒತ್ತೆಯಿಟ್ಟು ದುಡಿದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ, ಒಂದು ವಾರದೊಳಗೆ ನೀರು ನಿಲ್ಲಿಸಿದರು. ಊರೆಲ್ಲ ಪಟಾಕಿ, ಸಿಹಿ. ಆಗಬೇಕಾದದ್ದೇ.

ಆ ಒಂದು ವಾರ ಹೊಳೆದಂಡೆಯ ಮನೆಗಳಲ್ಲಿ ಎಷ್ಟು ಜನ ಮಲಗಲಿಲ್ಲವೋ, ಅದನ್ನು ಅಳೆಯುವ ಕ್ಯೂಸೆಕ್ಸ್ ಯಾವುದೂ ಇಲ್ಲ. ಹೊಸಪೇಟೆ, ಹಂಪಿ, ಕಂಪ್ಲಿ ಎಂದು ಹೊಳೆ ಇಳಿಯುವ ದಾರಿಯಲ್ಲಿ ಇರುವವರಿಗೆ ನೀರು ಹೊಸದಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟ್‌ನಲ್ಲಿ ಹಂಪಿಯ ಪುರಂದರ ಮಂಟಪ ಮುಳುಗಿತು, ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ನೀರು ಹರಿಯಿತು, ಕಂಪ್ಲಿ ಕೋಟೆಯ ಮನೆಗಳಿಗೆ ನುಗ್ಗಿತು. 2022ರಲ್ಲಿ ಸೇತುವೆ ಮತ್ತೆ ಮುಳುಗಿತು. ಡ್ಯಾಮಿನಿಂದ ನೀರು ಬಿಟ್ಟರು ಎಂದು ಡಂಗುರ ಸಾರಿದರೆ ಸಾಕು, ಇಲ್ಲಿನ ಹೆಂಗಸರ ಕೈ ತಾನಾಗಿ ರೇಷನ್ ಕಾರ್ಡಿನ ಚೀಲಕ್ಕೆ ಹೋಗುತ್ತದೆ.

ಹಾಗೆ ಬೆಳೆದುಬಂದ ಎಚ್ಚರವೇ ಕೆಲವರಲ್ಲಿ ನೀರು ಇಳಿದ ಮೇಲೂ ಇಳಿಯುವುದಿಲ್ಲ. ಅಂಥವರು ನಮ್ಮಲ್ಲಿಗೆ ಬಂದು 'ನನಗೆ ಮಾನಸಿಕ ತೊಂದರೆ' ಎನ್ನುವುದಿಲ್ಲ. ಎದೆ ಢವಢವ ಅಂತೈತಿ, ಕೈಕಾಲು ಜೋಮು, ತಲೆ ಭಾರ, ಹೊಟ್ಟೆಯಲ್ಲಿ ಉರಿ ಎನ್ನುತ್ತಾರೆ. ನಾವು ಬಿಪಿ ನೋಡಿ, ಗ್ಯಾಸಿನ ಮಾತ್ರೆ ಕೊಟ್ಟು ಕಳಿಸುತ್ತೇವೆ. ಅವರು ಸುಳ್ಳು ಹೇಳಿರುವುದಿಲ್ಲ. ನಾವು ಪೂರ್ತಿ ಕೇಳಿಸಿಕೊಂಡಿರುವುದಿಲ್ಲ, ಅಷ್ಟೆ.

2

ಈ ಕೇಳಿಸಿಕೊಳ್ಳುವ ವಿದ್ಯೆಯನ್ನು ಇಡೀ ಜಿಲ್ಲೆಯ ದವಾಖಾನೆಗಳಿಗೆ ಕಲಿಸಬಹುದೇ ಎಂಬ ಪರೀಕ್ಷೆ ದೇಶದಲ್ಲಿ ಮೊದಲು ನಡೆದದ್ದು ಇದೇ ನೆಲದಲ್ಲಿ. ನಮ್ಮ ಮಕ್ಕಳಿಗೆ ಶ್ರೀಕೃಷ್ಣದೇವರಾಯನ ಇಸವಿ ಗೊತ್ತು, ಇದು ಗೊತ್ತಿಲ್ಲ.

1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಸಂಸ್ಥೆ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸತೊಡಗಿತು. 1982ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಯೋಜನೆಯೇನೋ ಸರಿ. ನಾಲ್ಕು ಹಳ್ಳಿಗಳಲ್ಲಿ ಆದದ್ದು ಒಂದು ಜಿಲ್ಲೆಯಲ್ಲಿ ಆದೀತೆ? ಅದನ್ನು ನೋಡಲು ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿಯನ್ನು, ಬೆಂಗಳೂರಿನಿಂದ ದೂರದ, 15 ಲಕ್ಷದ ಆಸುಪಾಸಿನ ಜನಸಂಖ್ಯೆಯ ಜಿಲ್ಲೆಯನ್ನು. 1985ರಿಂದ 1990ರವರೆಗೆ ಆ ಕೆಲಸ ನಡೆಯಿತು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್ ಮೊದಲಾದವರ ಹೆಸರು ಇದರ ಜೊತೆ ಬೆಸೆದುಕೊಂಡಿದೆ. ಆಗ ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲವೂ ಒಂದೇ ಜಿಲ್ಲೆ.

ಮಾಡಿದ್ದು ಬಹಳ ಸರಳ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ. ಮನೆಮನೆ ತಿರುಗುವ ಕಾರ್ಯಕರ್ತರಿಗೆ ತರಬೇತಿ. ನಾಲ್ಕಾರು ಅಗ್ಗದ ಔಷಧಿಗಳು ಕೇಂದ್ರದಲ್ಲೇ ಸಿಗುವ ಏರ್ಪಾಡು. ಒಂದು ಸರಳ ದಾಖಲೆ ಪುಸ್ತಕ. ಬಗೆಹರಿಯದ್ದನ್ನು ಕಳಿಸಲು ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರ ತಂಡ. ಆ ತರಬೇತಿ ಪಡೆದ ಕಿರಿಯ ವೈದ್ಯರಲ್ಲಿ ನಾನೂ ಒಬ್ಬ. ಗುಣವಾಗಿ ಊರಿಗೆ ಮೊದಲು ಕಂಡದ್ದು ಫಿಟ್ಸ್. ಕಬ್ಬಿಣ ಹಿಡಿಸಿ, ಈರುಳ್ಳಿ ಮೂಸಿಸಿ, ಕಂಡಕಂಡ ಗುಡಿ ದರ್ಗಾ ಸುತ್ತಿಸಿದ ಹುಡುಗನಿಗೆ ದಿನಕ್ಕೆ ಒಂದೆರಡು ಫಿನೋಬಾರ್ಬಿಟೋನ್ ಮಾತ್ರೆ ಕೊಟ್ಟು ಫಿಟ್ಸ್ ನಿಂತರೆ, ಅದನ್ನು ಇಡೀ ಓಣಿ ನೋಡುತ್ತದೆ. ಆಮೇಲೆ ಅದೇ ಓಣಿಯವರು ವರ್ಷಗಟ್ಟಲೆ ಕೋಣೆಯಲ್ಲಿ ಕೂಡಿಹಾಕಿದ್ದ ಅಣ್ಣನನ್ನೂ ಕರೆತರುತ್ತಾರೆ.

1996ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಬೇರೆ ರಾಜ್ಯಗಳ ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿತು. ಈಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 700ಕ್ಕೂ ಹೆಚ್ಚು ಜಿಲ್ಲೆಗಳಲ್ಲಿದೆ. ಪಠ್ಯಪುಸ್ತಕಗಳು ಇಂದಿಗೂ 'ಬಳ್ಳಾರಿ ಮಾದರಿ' ಎಂದೇ ಕರೆಯುತ್ತವೆ.

ವಿಪತ್ತಿಗೂ ಇದಕ್ಕೂ ಏನು ನಂಟು ಎಂದು ಕೇಳಬಹುದು. ಅದೇ 1985ರ ಏಪ್ರಿಲ್‌ನಲ್ಲಿ ಶ್ರೀನಿವಾಸಮೂರ್ತಿಯವರು ಭೋಪಾಲದಲ್ಲಿದ್ದರು. 1984ರ ಡಿಸೆಂಬರ್ 2ರ ನಡುರಾತ್ರಿ ಸೋರಿದ ಅನಿಲದಿಂದ ಕಣ್ಣು, ಶ್ವಾಸಕೋಶ ಕೆಟ್ಟವರಿಗೆ ಚಿಕಿತ್ಸೆ ಸಿಗುತ್ತಿತ್ತು. ಮನಸ್ಸು ಕೆಟ್ಟದ್ದನ್ನು ಕೇಳುವವರಿರಲಿಲ್ಲ. ಲಖನೌದ ವೈದ್ಯರ ತಂಡ ಅಲ್ಲಿನ ಹತ್ತು ಕ್ಲಿನಿಕ್‌ಗಳಿಗೆ ಬಂದವರನ್ನು ಪರೀಕ್ಷಿಸಿದಾಗ ನೂರಕ್ಕೆ 22ಕ್ಕೂ ಹೆಚ್ಚು ಜನರಲ್ಲಿ ಮಾನಸಿಕ ತೊಂದರೆ ಕಂಡಿತು. ಇಷ್ಟು ಜನರಿಗೆ ಮನೋವೈದ್ಯರನ್ನು ಎಲ್ಲಿಂದ ತರುವುದು? ಆಗ ಅನಿಲಪೀಡಿತರನ್ನು ನೋಡುತ್ತಿದ್ದ ಸುಮಾರು 50 ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟರು, ಅವರಿಗಾಗಿ ಕೈಪಿಡಿ ಬರೆದರು. ಒಂದೇ ವರ್ಷ, ಒಂದೇ ಯೋಚನೆ: ಭೋಪಾಲದಲ್ಲಿ ಅನಾಹುತದ ನಂತರ, ಬಳ್ಳಾರಿಯಲ್ಲಿ ಅನಾಹುತವಿಲ್ಲದ ದಿನಗಳಲ್ಲಿ.

ಮುಂದೆ 1999ರ ಒರಿಸ್ಸಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಪ್ರತಿ ಸಲವೂ ನಿಮ್ಹಾನ್ಸ್‌ನವರು ಊರಿನವರಿಗೇ ಕಲಿಸಿ ಬಂದರು. ಸುನಾಮಿ ಬಡಿದ ಶ್ರೀಲಂಕಾದಲ್ಲಿ ಬಂದ ನೆರವನ್ನು ಬಳಸಿಕೊಂಡು ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯನ್ನೇ ಕಟ್ಟಿಕೊಂಡರು. ಅಲೆ ಹೋದ ಮೇಲೂ ಅದು ಉಳಿಯಿತು.

3

ಈಗ ನಮ್ಮೂರ ಶಾಲೆಗೆ ಬನ್ನಿ. ನೆರೆ ಬಂದಾಗ ಅದೇ ಕಾಳಜಿ ಕೇಂದ್ರ. ಕಾಗದದಲ್ಲಿ ಕಾಳಜಿ, ಜನರ ಬಾಯಲ್ಲಿ ಇನ್ನೂ ಗಂಜಿ ಕೇಂದ್ರ. ಇನ್ನೂರು ಮುನ್ನೂರು ಜನ, ನಾಲ್ಕು ಕೋಣೆ, ಎರಡು ಶೌಚಾಲಯ. ಅಲ್ಲಿ ಯಾರು ಯಾರಿರುತ್ತಾರೆ? ಒಬ್ಬರ ಕಥೆಯಲ್ಲ, ಹಲವರದ್ದು ಕೂಡಿಸಿ ಹೇಳುತ್ತೇನೆ.

ಮೊದಲನೆಯದು, ಮೊದಲೇ ಕಾಯಿಲೆ ಇದ್ದವರು. ಅವರ ಚೀಟಿ, ಮಾತ್ರೆ ನೀರಿನಲ್ಲಿ ಹೋಗಿವೆ. ಫಿಟ್ಸ್ ಮಾತ್ರೆ ಎರಡು ಮೂರು ದಿನ ತಪ್ಪಿದರೆ ಫಿಟ್ಸ್ ಮರಳಬಹುದು, ಒಮ್ಮೊಮ್ಮೆ ಒಂದರ ಮೇಲೊಂದು. ಹೊಳೆದಂಡೆಯಲ್ಲಿ, ತೆಪ್ಪದ ಮೇಲೆ ಬಂದರೆ ಜೀವವೇ ಹೋದೀತು. ನೆರೆ ತಂದ ಹೊಸ ಕಾಯಿಲೆಗಿಂತ ನೆರೆ ತಪ್ಪಿಸಿದ ಹಳೆಯ ಮಾತ್ರೆ ಮೊದಲ ವಾರದಲ್ಲಿ ಹೆಚ್ಚು ಅಪಾಯ.

ಎರಡನೆಯದು, ಕುಡಿತ. ದಿನವೂ ಕುಡಿಯುವವನಿಗೆ ಕೇಂದ್ರದಲ್ಲಿ ಕುಡಿತ ಸಿಗುವುದಿಲ್ಲ. ಎರಡನೆಯ ಮೂರನೆಯ ದಿನ ಕೈ ನಡುಗುತ್ತದೆ, ಬೆವರುತ್ತಾನೆ, ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎನ್ನುತ್ತಾನೆ, ಇಲ್ಲದವರ ಜೊತೆ ಮಾತಾಡುತ್ತಾನೆ. ಹೊಳೆಯಲ್ಲಿ ಸತ್ತವರ ಗಾಳಿ ಹಿಡಿದಿದೆ ಎಂದು ಜನ ಬೇವಿನ ಸೊಪ್ಪು ಹುಡುಕುತ್ತಾರೆ. ಅದು ಕುಡಿತ ತಟ್ಟನೆ ನಿಂತದ್ದರ ಸನ್ನಿ. ಆಸ್ಪತ್ರೆಗೆ ಸೇರಿಸಿ ಥಯಾಮಿನ್, ಗ್ಲೂಕೋಸ್, ಸರಿಯಾದ ಔಷಧಿ ಕೊಟ್ಟರೆ ಹೆಚ್ಚಿನವರು ಕೆಲವೇ ದಿನಗಳಲ್ಲಿ ಸರಿಹೋಗುತ್ತಾರೆ. ಬಿಟ್ಟರೆ ಸಾಯಲೂಬಹುದು.

ಮೂರನೆಯದು, ಯಾವ ಪಟ್ಟಿಯಲ್ಲೂ ಹೆಸರಿಲ್ಲದವರು. ರಾತ್ರಿ ಎದ್ದು ತನ್ನ ಮನೆಯ ಬಾಗಿಲು ಹುಡುಕುತ್ತ ಶಾಲೆಯ ಕಾರಿಡಾರಿನಲ್ಲಿ ಅಲೆಯುವ ಮರೆವಿನ ಅಜ್ಜಿ. ಹಾಸಿಗೆ ಒದ್ದೆ ಮಾಡಿಕೊಳ್ಳತೊಡಗಿದ ಎಂಟು ವರ್ಷದ ಹುಡುಗ. ಬಾಳೆತೋಟ ಹೋದದ್ದನ್ನು ಯಾರಿಗೂ ಹೇಳದೆ ಎಲ್ಲರಿಗೂ ಊಟ ಬಡಿಸುತ್ತಿರುವ ರೈತ. ಕೊನೆಯವನು ಎಲ್ಲರಿಗಿಂತ ಗಟ್ಟಿಯಾಗಿ ಕಾಣುತ್ತಾನೆ. ಅವನನ್ನು ಮೂರು ತಿಂಗಳ ನಂತರ, ಸಾಲದ ಕಂತು ಬಂದ ತಿಂಗಳು ನೋಡಬೇಕು.

ಇವರನ್ನು ಬಿಟ್ಟು ಉಳಿದವರಿಗೆ? ಅಳು, ನಿದ್ದೆಗೇಡು, ಬೆಚ್ಚಿಬೀಳುವುದು, ಸಿಟ್ಟು ಇವೆಲ್ಲ ಆಗಬಾರದ್ದು ಆದಾಗ ಆಗುವಂಥವೇ. ಹೆಚ್ಚಿನವರಲ್ಲಿ ತಾವಾಗಿ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ದೊಡ್ಡ ವಿಪತ್ತಿನ ನಂತರದ ಒಂದು ವರ್ಷದಲ್ಲಿ ತೀವ್ರ ಮಾನಸಿಕ ಕಾಯಿಲೆಯವರು ನೂರಕ್ಕೆ ಎರಡು ಮೂರು ಇದ್ದದ್ದು ಮೂರು ನಾಲ್ಕಾಗುತ್ತಾರೆ, ಸಾಧಾರಣ ತೊಂದರೆಯವರು ಹತ್ತು ಇದ್ದದ್ದು ಹದಿನೈದು ಇಪ್ಪತ್ತಾಗುತ್ತಾರೆ. ಎಂದರೆ ನೂರರಲ್ಲಿ ಮುಕ್ಕಾಲು ಜನಕ್ಕೂ ಮಿಕ್ಕು ಕಾಯಿಲೆಯವರಲ್ಲ. ಅವರಿಗೆ ಬೇಕಾದ್ದು ಒಣ ಬಟ್ಟೆ, ಕಾಣೆಯಾದವರ ಖಾತ್ರಿ ಸುದ್ದಿ, ಬಾಗಿಲಿರುವ ಶೌಚಾಲಯ, ಪರಿಹಾರದ ಚೆಕ್ಕು ಎಂದು ಬರುತ್ತದೆ ಎಂಬ ನಿಜವಾದ ಉತ್ತರ. ಒಬ್ಬ ಪ್ರಾಮಾಣಿಕ ಗ್ರಾಮ ಲೆಕ್ಕಿಗ ಮೊದಲ ವಾರದಲ್ಲಿ ನನಗಿಂತ ದೊಡ್ಡ ಮನೋವೈದ್ಯ.

4

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ.

2009ರ ನೆರೆಯಾದ ಮೇಲೆ ಹೊಳೆದಂಡೆಯ ಒಂದು ಕೇಂದ್ರದಲ್ಲಿದ್ದೆ. ದಿನಕ್ಕೆ ನೂರಾರು ಜನ. ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಬಂದು, "ನಿದ್ದಿ ಬರವಲ್ದು ಸರ್, ಕಣ್ಣು ಮುಚ್ಚಿದ್ರ ಹೊಳಿ ಸಪ್ಪಳ ಕೇಳ್ತೈತಿ" ಎಂದಳು. ಮನೆ ಬಿದ್ದಿತ್ತು, ಎಮ್ಮೆ ಹೋಗಿತ್ತು. ನಾನು ತಲೆಯೆತ್ತದೆ ನಿದ್ದೆ ಮಾತ್ರೆ ಬರೆದೆ. ಮುಂದಿನ ವಾರ ಬಂದಳು, ಮತ್ತೆ ಬರೆದೆ. ನಾಲ್ಕು ತಿಂಗಳ ನಂತರವೂ ಬಂದಳು. ಆಗ ಹೊಳೆ ಸಪ್ಪಳದ ಮಾತೇ ಇಲ್ಲ. ಮಾತ್ರೆ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ, ಕೈ ನಡುಗುತ್ತದೆ. ಹೊಳೆ ಇಳಿದಿತ್ತು, ನನ್ನ ಮಾತ್ರೆ ಇಳಿದಿರಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಅದನ್ನು ಬಿಡಿಸಲು ಮತ್ತೆ ತಿಂಗಳುಗಳು ಹಿಡಿದವು.

2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಬಂತು. ಆಘಾತವಾದ ಮೊದಲ ತಿಂಗಳಲ್ಲಿ ಅದರ ಲಕ್ಷಣಗಳಿಗೆ ಡಯಾಜಿಪಾಮ್ ಜಾತಿಯ ಮಾತ್ರೆ ಕೊಡಬೇಡಿ ಎಂದು ಅದು ಹೇಳುತ್ತದೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿ, ನಡೆದದ್ದನ್ನು ಬಿಡಿಬಿಡಿಯಾಗಿ ಹೇಳಿಸುವುದೂ ಬೇಡ. ಅದರಿಂದ ಉಪಕಾರವಿಲ್ಲ. ಮತ್ತೇನು ಮಾಡಬೇಕು? ನೋಡು, ಆಲಿಸು, ಕೂಡಿಸು. ಯಾರು ಕುಸಿದಿದ್ದಾರೆ ನೋಡು. ಹೇಳಿದಷ್ಟನ್ನು ಆಲಿಸು, ಕೆದಕಬೇಡ. ಬೇಕಾದವರೊಂದಿಗೆ, ಬೇಕಾದ ಕಚೇರಿಯೊಂದಿಗೆ ಕೂಡಿಸು. ಆ ತಾಯಿಯ ತವರು ಎರಡು ಹರದಾರಿಯಲ್ಲಿತ್ತು ಎಂದು ನನಗೆ ತಿಳಿದದ್ದು ನಾಲ್ಕನೆಯ ತಿಂಗಳಲ್ಲಿ. ಮೊದಲ ದಿನ ಕೇಳಿದ್ದರೆ, ಒಂದೆರಡು ವಾರ ಅಕ್ಕನ ಮಗ್ಗುಲಲ್ಲಿ ಮಲಗಿ ಬರುತ್ತಿದ್ದಳು.

5

ನೀರಿಲ್ಲದ ವಿಪತ್ತುಗಳೂ ಇವೆ. 2011ರ ಜುಲೈ 29ನ್ನು ನೆನಪಿಸಿಕೊಳ್ಳಿ. ಆ ದಿನ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ, ಅವುಗಳ ಮುಂದೆ ತಲೆತಲಾಂತರದಿಂದಲೋ ದಶಕಗಳಿಂದಲೋ ಬದುಕಿದ್ದ ಕುಟುಂಬಗಳ ಮನೆ, ಅಂಗಡಿಗಳ ಮೇಲೆ ಬುಲ್ಡೋಜರ್ ಹರಿಯಿತು. ಸ್ಮಾರಕ ಉಳಿಯಬೇಕೆಂಬ ವಾದದ ಸರಿತಪ್ಪನ್ನು ಇಲ್ಲಿ ತೂಗುವುದಿಲ್ಲ. ಮನೆ ಕಳೆದುಕೊಂಡವರಿಗೆ ಕಡ್ಡಿರಾಂಪುರದಲ್ಲಿ ನಿವೇಶನ ಎಂದಾಯಿತು. ಅದೇ ದಿನ ದೆಹಲಿಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಆ ತಡೆ ಬೇಕೇ ಇತ್ತು. ಬೆಟ್ಟ, ಕೆರೆ, ಹೊಲ ಎಲ್ಲ ಕೆಂಧೂಳಾಗಿದ್ದ ಸಂಡೂರಿನವರಿಗೆ ಅದು ಗೊತ್ತು. ಆದರೆ ಸಾಲ ಮಾಡಿ ಲಾರಿ ಕೊಂಡಿದ್ದವನು, ಪಂಕ್ಚರ್ ಅಂಗಡಿಯವನು, ದಾರಿಬದಿ ಇಡ್ಲಿ ಮಾರುವವಳು ಬೆಳಗಾಗೆದ್ದು ನೋಡಿದರೆ ರಸ್ತೆ ಖಾಲಿ. ಗಣಿಗಳು ಹಂತಹಂತವಾಗಿ ಮತ್ತೆ ತೆರೆಯುವ ಹೊತ್ತಿಗೆ ಎಷ್ಟೋ ಲಾರಿಗಳು ಫೈನಾನ್ಸ್‌ನವರ ಅಂಗಳ ಸೇರಿದ್ದವು.

ಹಂಪಿಯಲ್ಲಾಗಲಿ ಸಂಡೂರಿನಲ್ಲಾಗಲಿ ಗಂಜಿ ಕೇಂದ್ರ ತೆರೆಯಲಿಲ್ಲ, ಏಕೆಂದರೆ ಯಾರೂ ಅದನ್ನು ವಿಪತ್ತು ಎಂದು ಬರೆದುಕೊಂಡಿರಲಿಲ್ಲ. ಬಂದವರು ನಮ್ಮ ಹೊರರೋಗಿ ವಿಭಾಗಕ್ಕೇ ಬಂದರು. ಅದೇ ಎದೆ ಢವಢವ, ಅದೇ ಗ್ಯಾಸು, ಹೆಚ್ಚಿದ ಕುಡಿತ.

ಕೋವಿಡ್ ಬಂದಾಗ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಆಮ್ಲಜನಕವನ್ನೇ ಕೊಳವೆಯಲ್ಲಿ ತಂದು 2021ರಲ್ಲಿ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಕಟ್ಟಿದರು. ಉಸಿರಿಗೆ ಅಷ್ಟು ಮಾಡಿದೆವು. ಮುಖ ನೋಡದೆ, ಬಾಯಿಗೆ ನೀರು ಬಿಡದೆ, ಮೂರನೆಯ ದಿನದ ಹಾಲುತುಪ್ಪವಿಲ್ಲದೆ ಅಪ್ಪನನ್ನು ಕಳಿಸಿಕೊಟ್ಟವರ ದುಃಖಕ್ಕೆ? ನಮ್ಮ ಹಿರಿಯರು ಸಾವಿನ ನಂತರದ ದಿನಗಳಿಗೆ ಒಂದೊಂದು ಕೆಲಸ ಹಚ್ಚಿಟ್ಟಿದ್ದರು. ಅದು ನಡೆಯದೆ ಹೋದ ಮನೆಗಳಲ್ಲಿ ವರ್ಷವಾದರೂ ಅಳು ಮುಗಿಯದ್ದನ್ನು ಕಂಡಿದ್ದೇನೆ. ಅಂಥವರಿಗೆ ನಾನು ಮಾತ್ರೆ ಬರೆಯಲಿಲ್ಲ. ತಡವಾದರೂ ಚಿಂತೆಯಿಲ್ಲ, ದಿನ ಮಾಡಿ, ಬಂಧುಗಳನ್ನು ಕರೆದು ಉಣಬಡಿಸಿ ಎಂದೆ. ಒಬ್ಬ ಮಗ ಅಪ್ಪ ತೀರಿದ ಹದಿನಾಲ್ಕನೆಯ ತಿಂಗಳಿಗೆ ಹಾಗೆ ಮಾಡಿ ಬಂದು, ಅಂದು ರಾತ್ರಿ ನಿದ್ದೆ ಹತ್ತಿತು ಎಂದ.

6

ಈಗ ನಮ್ಮಲ್ಲಿ ಏನಿದೆ? 2014ರಿಂದ ರಾಜ್ಯದಲ್ಲಿ 'ಮನೋಚೈತನ್ಯ' ಕಾರ್ಯಕ್ರಮ ಇದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. 2022ರ ಅಕ್ಟೋಬರ್ 10ರಿಂದ 'ಟೆಲಿ ಮಾನಸ್' ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಈ ಚಿಕಿತ್ಸೆಯನ್ನು ಹಕ್ಕು ಎಂದಿದೆ. ಆದರೂ 2015–16ರ ರಾಷ್ಟ್ರೀಯ ಸಮೀಕ್ಷೆ ಹೇಳಿದಂತೆ, ಕಾಯಿಲೆಯ ಬಗೆ ನೋಡಿಕೊಂಡು ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆ ಮುಟ್ಟುವುದಿಲ್ಲ. ಬಳ್ಳಾರಿ ಮಾದರಿ ಹುಟ್ಟಿದ ನೆಲದಲ್ಲೂ ತರಬೇತಾದ ಡಾಕ್ಟರಿಗೆ ವರ್ಗವಾದರೆ ಅವರ ಜೊತೆ ವಿದ್ಯೆಯೂ ವರ್ಗವಾಗುತ್ತದೆ. ಮಾತ್ರೆ ಮುಗಿದ ತಿಂಗಳು ರೋಗಿ ಕೈತಪ್ಪುತ್ತಾನೆ.

2021ರಲ್ಲಿ ಜಿಲ್ಲೆ ಎರಡಾಯಿತು. ಹೊಸಪೇಟೆ, ಹಂಪಿ ವಿಜಯನಗರಕ್ಕೆ, ಸಂಡೂರು, ಕಂಪ್ಲಿ ಬಳ್ಳಾರಿಗೆ. ಡ್ಯಾಮು ಒಂದು ಜಿಲ್ಲೆಯಲ್ಲಿ, ಅದರ ನೀರು ನುಗ್ಗುವ ಕೋಟೆ ಇನ್ನೊಂದರಲ್ಲಿ. ಹಾಗಾಗಿ ಎರಡೂ ಜಿಲ್ಲೆಗಳ ಮುಂದೆ ಕೆಲವು ಸಣ್ಣ ಬೇಡಿಕೆ ಇಡುತ್ತೇನೆ.

ಪ್ರತಿ ಮೇ ತಿಂಗಳಲ್ಲಿ ಹೊಳೆದಂಡೆಯ ಹಳ್ಳಿಗಳ ಆಶಾ ಕಾರ್ಯಕರ್ತೆಯರು ಫಿಟ್ಸ್ ಮತ್ತು ಮಾನಸಿಕ ಕಾಯಿಲೆಯ ಮಾತ್ರೆ ನುಂಗುವವರ ಪಟ್ಟಿಯನ್ನು ಹೊಸದು ಮಾಡಲಿ. ಅದು ಗುಟ್ಟಾಗಿರಲಿ, ಒಂದು ಪ್ರತಿ ನೀರು ಮುಟ್ಟದ ಕಡೆ ಇರಲಿ. ಮಳೆಗಾಲಕ್ಕೆ ಮುಂಚೆ ಕಂಪ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಆ ಪಟ್ಟಿಗೆ ತಕ್ಕ ಮಾತ್ರೆ ಎರಡು ವಾರಕ್ಕಾಗುವಷ್ಟು ಬೇರೆಯೇ ತೆಗೆದಿಟ್ಟಿರಲಿ. ಎರಡೂ ಜಿಲ್ಲೆಗಳ ಮಾನಸಿಕ ಆರೋಗ್ಯ ತಂಡಗಳು ಜೂನ್‌ನಲ್ಲಿ ಒಮ್ಮೆ ಒಂದೇ ಮೇಜಿಗೆ ಕೂರಲಿ. ಕಾಳಜಿ ಕೇಂದ್ರ ತೆರೆದ ಮೂರನೆಯ ದಿನ ಸಿಸ್ಟರೊಬ್ಬರು ಮೂರೇ ಪ್ರಶ್ನೆ ಕೇಳಿಕೊಂಡು ಬರಲಿ: ನಿಮ್ಮ ಯಾವ ಮಾತ್ರೆ ನಿಂತಿದೆ? ನಿಮ್ಮಲ್ಲಿ ದಿನವೂ ಕುಡಿಯುವವರಿದ್ದಾರೆಯೆ? ಯಾರು ಊಟ ಬಿಟ್ಟಿದ್ದಾರೆ? ಕೇಂದ್ರ ಮುಚ್ಚುವಾಗ ಹೆಸರುಗಳನ್ನು ಮಂಗಳವಾರದ ದಾಖಲೆ ಪುಸ್ತಕಕ್ಕೆ ಏರಿಸಲಿ. ಮೂರು ತಿಂಗಳ ನಂತರ ಆಶಾ ಅಕ್ಕ ಅದೇ ಮನೆಗಳ ಬಾಗಿಲಿಗೆ ಇನ್ನೊಮ್ಮೆ ಹೋಗಲಿ, ಮುಖ್ಯವಾಗಿ ಎಲ್ಲರಿಗೂ ಬಡಿಸುತ್ತಿದ್ದ ಆ ರೈತನ ಮನೆಗೆ.

ದತ್ತಿಯ ಮಾತು ಎತ್ತಿದ್ದೆ. ನೆರೆ ಬಂದಾಗ ಲಾರಿಗಳಲ್ಲಿ ಬರುವ ಅಕ್ಕಿ, ಕಂಬಳಿ, ಬೆಂಗಳೂರಿನ ತಂಡ ಎಲ್ಲವೂ ದಾನ. ಅದು ಬರಲಿ, ಅದಕ್ಕೆ ಕೈಮುಗಿಯೋಣ. 1985ರಲ್ಲಿ ಈ ನೆಲದಲ್ಲಿ ಇಟ್ಟದ್ದು ದತ್ತಿ. ಅದರ ಅಸಲು ಎಂದರೆ ಕೇಳಿಸಿಕೊಳ್ಳಲು ಕಲಿತ ಸಿಸ್ಟರು, ತುಂಬಿದ ಔಷಧಿ ಕಪಾಟು, ಹೊಳೆ ಏನೂ ಸದ್ದು ಮಾಡದ ವರ್ಷಗಳಲ್ಲೂ ತೆರೆದಿರುವ ಮಂಗಳವಾರದ ಬಾಗಿಲು. ನಾವು ಕೆಲವು ಸಲ ಬಡ್ಡಿಯ ಜೊತೆ ಅಸಲನ್ನೂ ತಿಂದಿದ್ದೇವೆ.

ನಾಳಿದ್ದು ಮಂಗಳವಾರ. ಇಲ್ಲಿಂದ ಹೋಗುವಾಗ ಯಾರದೋ ಮುಖ ನಿಮ್ಮ ನೆನಪಿಗೆ ಬಂದಿದ್ದರೆ, ಅವರನ್ನು ಕರೆದುಕೊಂಡು ಬನ್ನಿ. ಚೀಟಿ ಮಾಡಿಸುವ ಸಾಲಿನಲ್ಲಿ ಅವರ ಜೊತೆ ನೀವೂ ನಿಲ್ಲಿ.